ಇಂಗಿನ ಡಬ್ಬಿ ಹಿಡಿದ ಮ್ಯಾನೇಜರ್ರು

ನಮ್ಮ ಮ್ಯಾನೇಜರ್ರು ಹೋದ ತಿಂಗಳು ಕೆಲಸ ಬಿಟ್ಟರು. ಸಂಬಳದ ಕೆಲಸವಲ್ಲ, ಅದನ್ನು ಅವರು ಯಾವಾಗಲೋ ಮುಗಿಸಿದ್ದರು. ಮೈಸೂರು ರಸ್ತೆಯ ಕಡೆ ಒಂದು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆದೂ ಬರೆದೂ ನಿವೃತ್ತರಾದವರು. ಈಗ ಬಿಟ್ಟದ್ದು ವಿಜಯನಗರದ ನಮ್ಮ ಪುಟ್ಟ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಪಟ್ಟವನ್ನು. ಮಾರೇನಹಳ್ಳಿಯ ಒಂದು ಸಣ್ಣ ಹಾಲ್‌ನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತಂದಿದ್ದೆವು. ಐದು ಗಂಟೆಗೆ ಕರೆದಿದ್ದರೆ ಅವರು ನಾಲ್ಕೂವರೆಗೇ ಬಂದು ಕುರ್ಚಿ ಹಾಕಿಸುತ್ತಿದ್ದರು. ಮಾತಾಡಿ ಸಾರ್ ಎಂದರೆ ಎದ್ದು ನಿಂತು, "ನಾನು ಆಡಿದೋನಲ್ಲ. ಆಡಿದೋರು ಇವ್ರು. ಕಾಫಿ ಆರ್ತಾ ಇದೆ," ಎಂದು ಹೇಳಿ ಕೂತುಬಿಟ್ಟರು.

ಆಮೇಲೆ ನನ್ನ ಸರದಿ. ಹದಿನಾರು ವರ್ಷ ಆ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದವನು ನಾನು. ನಾಲ್ಕು ಒಳ್ಳೆಯ ಮಾತು ಆಡಬೇಕಿತ್ತು. ಮೈಕ್ ಹಿಡಿದು ಏನೇನೋ ತೊದಲಿ ಇಳಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ, "ನನ್ ಹೆಸ್ರು ಯಾಕಪ್ಪ ಅಲ್ಲಿ? ನಾನೇನು ಗೋಲ್ ಹೊಡ್ದಿದೀನಾ?" ಎಂದು ಕೇಳುತ್ತಾರೆ.

ತೆಳ್ಳಗಿನ ಆಸಾಮಿ. ಇಸ್ತ್ರಿ ಮಾಡಿದ ಪ್ಯಾಂಟು, ತುಂಬು ತೋಳಿನ ಅಂಗಿ, ಜೇಬಿನಲ್ಲಿ ನೀಲಿ ಪೆನ್ನೊಂದು ಕೆಂಪು ಪೆನ್ನೊಂದು. ಚಳಿಗಾಲ ಬಂದರೆ ತಲೆಗೆ ಮಂಕಿ ಕ್ಯಾಪ್. ಅವರು ಕ್ಲಬ್ಬಿಗೆ ಬಂದದ್ದೇ ಒಂದು ತಮಾಷೆ. ಬೆಳಗಿನ ವಾಕಿಂಗ್‌ಗೆಂದು ಮೈದಾನಕ್ಕೆ ಬಂದಿದ್ದರು. ಅವತ್ತು ನಮಗೆ ಮ್ಯಾಚ್ ಇತ್ತು. ಲೀಗಿನಲ್ಲಿ ಆಟ ಶುರುವಾಗುವ ಮುಂಚೆ ಆಟಗಾರರ ಪಟ್ಟಿಯನ್ನು ಮೂರು ಪ್ರತಿ ಬರೆದು ರೆಫ್ರಿಗೆ ಕೊಡಬೇಕು. ಬರೆಯುವವನು ಬಂದಿರಲಿಲ್ಲ. ನಾನು ಗ್ಲೌಸ್ ಹಾಕಿಕೊಂಡೇ ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ಗೀಚುತ್ತಿದ್ದೆ. ಅವರು ಬೇಲಿಯಾಚೆ ನಿಂತು ನೋಡಿದರು, ನೋಡಿದರು, ತಡೆಯಲಾಗಲಿಲ್ಲ. "ಅಯ್ಯೋ, ಕೊಡಪ್ಪ ಇಲ್ಲಿ," ಎಂದು ಒಳಗೆ ಬಂದು ಕಿತ್ತುಕೊಂಡರು. ಕಾರ್ಬನ್ ಪೇಪರ್ ತರಿಸಿ, ಮುತ್ತಿನಂಥ ಅಕ್ಷರದಲ್ಲಿ ಹದಿನಾರು ಹೆಸರು ಬರೆದುಕೊಟ್ಟರು. ಮುಂದಿನ ಭಾನುವಾರವೂ ಬಂದರು. ಹಾಗೆ ಬಂದವರು ಮ್ಯಾನೇಜರ್ ಆದರು. ನೇಮಕ ಮಾಡಿದವರು ಯಾರೂ ಇಲ್ಲ.

ಆಟದ ಗಂಧ ಅವರಿಗೆ ಅಷ್ಟಕ್ಕಷ್ಟೇ. ನಾವು ಗೋಲ್ ಹೊಡೆದರೆ ಬೆಂಚಿನವರೆಲ್ಲ ಎದ್ದು ಕುಣಿಯುತ್ತಿದ್ದರು. ಅವರು ಮೊದಲು ಗಡಿಯಾರ ನೋಡಿ, ಪುಸ್ತಕದಲ್ಲಿ ನಿಮಿಷ ಬರೆದು, ಪೆನ್ನಿನ ಕ್ಯಾಪ್ ಹಾಕಿ, ಆಮೇಲೆ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟರಲ್ಲಿ ಉಳಿದವರೆಲ್ಲ ಕೂತಿರುತ್ತಿದ್ದರು. ಮೈದಾನದ ಆಚೆ ನಿಂತವರಿಗೆ, ಈ ಮುದುಕಪ್ಪನಿಗೆ ಏನೋ ಬೇರೆ ಗೋಲ್ ಕಾಣಿಸಿದೆ ಎನ್ನಿಸಬೇಕು.

ನಮ್ಮ ಲೀಗಿನ ವಿಷಯ ಒಂದು ಮಾತು. ಅದರಲ್ಲಿ ಎ, ಬಿ, ಸಿ ಎಂದು ಮೆಟ್ಟಿಲುಗಳು. ನಾವು ಸಿ. ನಾನು ಸೇರಿದಾಗಲೂ ಸಿ, ನನ್ನ ಮದುವೆ ಆದಾಗಲೂ ಸಿ, ಮಗಳು ಶಾಲೆಗೆ ಹೋಗಲು ಶುರುಮಾಡಿದಾಗಲೂ ಸಿ. ವಿಜಯನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬಂದ ಗಿರಾಕಿಗಳಿಗೆ ಗೋಡೆಯ ಮೇಲಿನ ಅಕ್ಷರ ಓದಿಸುವಾಗಲೆಲ್ಲ, "ಬಿ" ಎಂಬ ಅಕ್ಷರ ಬಂದರೆ ನನಗೇ ಕಸಿವಿಸಿ. ಒಂದೇ ಒಂದು ಸಲ, ಒಂದೇ ಒಂದು ಮ್ಯಾಚು ಬಿ ಡಿವಿಷನ್ನಿನಲ್ಲಿ ಆಡಿಬಿಟ್ಟರೆ ಸಾಕು, ಆಮೇಲೆ ಗ್ಲೌಸ್ ಬಿಚ್ಚಿ ಅಟ್ಟಕ್ಕೆ ಹಾಕುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಮೂವತ್ತಾರು ತುಂಬಿತ್ತು, ಎಡಮಂಡಿ ದಿನಾ ಬೆಳಿಗ್ಗೆ ಲಟಕ್ ಎನ್ನುತ್ತಿತ್ತು. ಆ ವರ್ಷವೇ ಕೊನೆ ಎಂದು ಗೊತ್ತಿತ್ತು. ಆ ವರ್ಷವೇ ಕೊರೊನಾ ಬಂತು.

ಲಾಕ್‌ಡೌನ್ ತೆಗೆದ ಮೇಲೆ, ಅವರೆಕಾಯಿ ಕಾಲಕ್ಕೆ, ಲೀಗ್ ಮತ್ತೆ ಶುರುವಾಯಿತು. ಶುರುವೇನೋ ಆಯಿತು, ಆದರೆ ನಿಯಮ ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಮೈದಾನದಲ್ಲಿ ಗೇಟಿನ ಹತ್ತಿರ ಹಣೆಗೆ ಗನ್ ಹಿಡಿದು ಜ್ವರ ನೋಡುತ್ತಿದ್ದರು. ಆ ಗನ್ನಿನ ಪ್ರಕಾರ ನಾವೆಲ್ಲ ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಹಾಲಿನ ಪ್ಯಾಕೆಟ್ಟುಗಳು. ಇನ್ನೊಂದು ಮೈದಾನದಲ್ಲಿ ಟೆಸ್ಟ್ ರಿಪೋರ್ಟ್ ಇಲ್ಲದೆ ಒಳಗೇ ಬಿಡುತ್ತಿರಲಿಲ್ಲ. ಮೂರನೆಯದರಲ್ಲಿ ಕೇಳುವವರೇ ಇಲ್ಲ, ವಾಚ್‌ಮನ್ ತಾನೇ ಕೆಮ್ಮುತ್ತ ಗೇಟು ತೆಗೆಯುತ್ತಿದ್ದ. ಒಂದು ಟೀಮಿನಲ್ಲಿ ಒಬ್ಬನಿಗೆ ಪಾಸಿಟಿವ್ ಬಂದರೆ ಮ್ಯಾಚ್ ಮುಂದಕ್ಕೆ, ಇನ್ನೊಂದು ಟೀಮಿನಲ್ಲಿ ಮೂವರಿಗೆ ಬಂದರೂ ಆಡಲೇಬೇಕು. ಯಾಕೆ ಹೀಗೆ ಎಂದು ಲೀಗ್ ಆಫೀಸಿಗೆ ಫೋನ್ ಮಾಡಿದರೆ, ಯಾರು ಎತ್ತಿದರು ಎಂಬುದರ ಮೇಲೆ ಉತ್ತರ.

ನಮ್ಮ ಮ್ಯಾನೇಜರ್ರಿಗೆ ಇದು ಸಹಿಸಲಾಗದ ಸಂಗತಿ. ತಾವೇ ಒಂದು ಪದ್ಧತಿ ಮಾಡಿದರು. ಮ್ಯಾಚಿನ ದಿನ ಬೆಳಿಗ್ಗೆ ಆರು ಗಂಟೆಗೆ ಪ್ರತಿಯೊಬ್ಬನೂ ಥರ್ಮಾಮೀಟರ್ ಇಟ್ಟು ನೋಡಿ ಫೋನ್ ಮಾಡಬೇಕು. ಅದಕ್ಕೂ ಸಮಾಧಾನ ಆಗದೆ, ಮೈದಾನದ ಬಾಗಿಲಲ್ಲಿ ಇಂಗಿನ ಡಬ್ಬಿ ಹಿಡಿದು ನಿಂತರು. ಕೊರೊನಾ ಬಂದವರಿಗೆ ವಾಸನೆ ಹೋಗುತ್ತದೆ ಎಂದು ಎಲ್ಲೋ ಕೇಳಿದ್ದರು. ಒಬ್ಬೊಬ್ಬರೇ ಸಾಲಾಗಿ ಬಂದು, ಮಾಸ್ಕ್ ಇಳಿಸಿ, ಡಬ್ಬಿಗೆ ಮೂಗು ಒಡ್ಡಿ ಹೇಳಬೇಕು.

"ಏನು?"

"ಇಂಗು ಸಾರ್."

"ಹೋಗು. ನೆಕ್ಸ್ಟ್."

ಬೇರೆ ಟೀಮಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಎರಡನೇ ಭಾನುವಾರದ ಹೊತ್ತಿಗೆ ನಾನೇ ಅವರಿಗೆ ಹೇಳಿದೆ: "ಸಾರ್, ಮುಂದೆ ನಿಂತಿರೋನು ಇಂಗು ಅಂತ ಕೂಗಿದ್ಮೇಲೆ ಹಿಂದೆ ಇರೋರಿಗೆಲ್ಲ ಉತ್ತರ ಗೊತ್ತಾಯ್ತಲ್ಲ?" ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಈ ದೊಡ್ಡ ತೂತು ತಮಗೆ ಹೊಳೆಯಲೇ ಇಲ್ಲವಲ್ಲ ಎಂದು ಪಾಪ ಕಿವಿ ಕೆಂಪಾಯಿತು. ಮುಂದಿನ ವಾರ ಒಂದೇ ತರದ ಮೂರು ಡಬ್ಬಿ ಬಂದವು. ಒಂದರಲ್ಲಿ ಇಂಗು, ಒಂದರಲ್ಲಿ ಕಾಫಿ ಪುಡಿ, ಒಂದರಲ್ಲಿ ನುಸಿಗುಳಿಗೆ. ಯಾರಿಗೆ ಯಾವುದು ಎಂದು ಅವರಿಗೇ ಗೊತ್ತು.

ಸಿಕ್ಕಿಬಿದ್ದವನು ಮಂಜು, ನಮ್ಮ ಸೆಂಟರ್ ಫಾರ್ವರ್ಡ್. ಗದಗದ ಕಡೆಯ ಹುಡುಗ, ಊಟ ಡೆಲಿವರಿ ಮಾಡುತ್ತಿದ್ದ, ತನ್ನ ಊರಿನ ಇನ್ನೊಬ್ಬ ಆಟಗಾರನ ಜೊತೆ ಒಂದು ರೂಮಿನಲ್ಲಿದ್ದ. ಹಿಂದಿನ ದಿನದಿಂದ ಮೈಕೈ ನೋವಿದ್ದರೂ ಬಾಯಿ ಬಿಟ್ಟಿರಲಿಲ್ಲ. ಮುಂದಿನವನು "ಇಂಗು" ಎಂದದ್ದು ಕೇಳಿಸಿಕೊಂಡು, ತಾನೂ ಮೂಗು ಒಡ್ಡಿ, ದೀರ್ಘವಾಗಿ ಉಸಿರೆಳೆದು, "ಆಹಾ, ಇಂಗ್ರೀ ಸರ," ಎಂದ. ಡಬ್ಬಿಯಲ್ಲಿ ಇದ್ದದ್ದು ನುಸಿಗುಳಿಗೆ.

"ಮಂಜು, ಇನ್ನೊಂದ್ ಸಲ ನೋಡಪ್ಪ."

"ಇಂಗ... ಅಲ್ಲೇನ್ರಿ?" ಹುಡುಗನ ಮುಖ ಇಳಿಯಿತು. "ಏನೂ ವಾಸನಿ ಬರವಲ್ದ್ರೀ ಸರ. ಇವತ್ತೊಂದು ದಿನ ಆಡ್ತೀನ್ರಿ, ನಾಳಿಂದ ಮಲಗ್ತೀನ್ರಿ."

ಮ್ಯಾನೇಜರ್ರು ಅವನನ್ನು ಬೈಯಲಿಲ್ಲ. ರೂಮಿನ ಗೆಳೆಯನ ಸಮೇತ ಮನೆಗೆ ಕಳಿಸಿದರು. ಮತ್ತಿಬ್ಬರು ಮೊದಲೇ ಊರಿಗೆ ಹೋಗಿದ್ದರು, ಇನ್ನೊಂದಿಬ್ಬರ ಕಾಲಿಗೆ ಪೆಟ್ಟಾಗಿತ್ತು. ಎಣಿಸಿದರೆ ಒಂಬತ್ತು ಜನ ಉಳಿದೆವು. ಮ್ಯಾಚ್ ಮುಂದೂಡಿ ಎಂದು ಆಫೀಸಿಗೆ ಫೋನ್ ಮಾಡಿದರೆ, "ಏಳು ಜನ ಇದ್ರೆ ಆಡ್ಬೇಕು, ರೂಲ್ ಅಂದ್ರೆ ರೂಲ್," ಎಂದರು. ಒಂಬತ್ತು ಜನ ಆಡಿ ನಾಲ್ಕು ಗೋಲಿನಿಂದ ಸೋತೆವು. ನಾಲ್ಕನ್ನೂ ತಿಂದವನು ನಾನು. ಅದೇ ವಾರ ಇನ್ನೊಂದು ಟೀಮಿನ ಒಬ್ಬನಿಗೆ ನೆಗಡಿ ಬಂತೆಂದು ಮ್ಯಾಚ್ ಮುಂದಕ್ಕೆ ಹೋಯಿತು. ಮ್ಯಾನೇಜರ್ರು ಎರಡು ಪುಟದ ದೂರು ಬರೆದು, ಫೋಟೊ ತೆಗೆದು ಆಫೀಸಿನ ವಾಟ್ಸ್ಆ್ಯಪ್‌ಗೆ ಹಾಕಿದರು. ಉತ್ತರವಾಗಿ ಒಂದು ಹೆಬ್ಬೆರಳು ಬಂತು. "ಇದರ ಅರ್ಥ ಏನಪ್ಪ?" ಎಂದು ಎಲ್ಲರನ್ನೂ ಕೇಳಿಕೊಂಡು ತಿರುಗಿದರು. ನಮಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಹೇಗೋ ಬಿದ್ದು ಎದ್ದು ಕೊನೆಯ ಮ್ಯಾಚಿನ ತನಕ ಬಂದೆವು. ಅದನ್ನು ಗೆದ್ದರೆ ಬಿ ಡಿವಿಷನ್. ಗೆಲ್ಲದಿದ್ದರೆ ಇಲ್ಲ. ಅವತ್ತು ಮಂಜುವೂ ಗುಣವಾಗಿ ಬಂದಿದ್ದ, ಹದಿನಾಲ್ಕು ಜನ ಸರಿಯಾಗಿ ಇದ್ದೆವು, ಮೂರು ಡಬ್ಬಿಯ ಪರೀಕ್ಷೆಯಲ್ಲೂ ಪಾಸು. ಎದುರು ಟೀಮಿನವರು ಬಂದರು ನೋಡಿ, ಎಣಿಸಿದರೆ ಆರು ಜನ! ಉಳಿದವರೆಲ್ಲ ಪಾಸಿಟಿವ್. ಅವರ ಮ್ಯಾನೇಜರ್, ದೊಡ್ಡ ಹೊಟ್ಟೆಯ ಒಬ್ಬ ಅಣ್ಣ, ಬೆವರು ಒರೆಸಿಕೊಳ್ಳುತ್ತ ರೆಫ್ರಿಯ ಮುಂದೆ ನಿಂತಿದ್ದ. ಏಳಕ್ಕಿಂತ ಕಡಿಮೆ ಇದ್ದರೆ ಮ್ಯಾಚ್ ಇಲ್ಲ. ವಾಕ್‌ಓವರ್. ನಮ್ಮ ಮ್ಯಾನೇಜರ್ರು ಒಂದು ಕಾಗದಕ್ಕೆ ಸೈನ್ ಹಾಕಿ ಕೇಳಿಕೊಂಡರೆ ಗೆಲುವು ನಮ್ಮದು.

ಹುಡುಗರು ಆಗಲೇ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ರೆಫ್ರಿ ನಿಯಮದ ಪ್ರಕಾರ ಹದಿನೈದು ನಿಮಿಷ ಕಾದು, ಕಾಗದ ಮುಂದಿಟ್ಟ. ಮ್ಯಾನೇಜರ್ರು ನೀಲಿ ಪೆನ್ನು ತೆಗೆದರು. ಕಾಗದ ಓದಿದರು. ಆ ಆರು ಜನರ ಕಡೆ ನೋಡಿದರು. ಪೆನ್ನಿಗೆ ಕ್ಯಾಪ್ ಹಾಕಿದರು.

"ನಾನು ಸೈನ್ ಹಾಕಲ್ಲ. ಇನ್ನೊಂದು ಡೇಟ್ ಕೊಡಿ, ಇವ್ರು ಹುಷಾರಾಗ್ಲಿ, ಆಡ್ತೀವಿ."

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ನಮ್ಗೆ ಯಾರಾದ್ರೂ ಡೇಟ್ ಕೊಟ್ರಾ ಸಾರ್? ಒಂಬತ್ತು ಜನ ಆಡಿಲ್ವಾ ನಾವು? ಹದಿನಾಲ್ಕು ಜನ ನಿಂತಿದೀವಿ ಇಲ್ಲಿ, ಒಂದ್ ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಮ್ಗೆ? ನನ್ ವಯಸ್ಸೆಷ್ಟು ಗೊತ್ತಾ?" ಗ್ಲೌಸ್ ತೆಗೆದು ನೆಲಕ್ಕೆ ಬಡಿದೆ. ಅವರು ಬಗ್ಗಿ ಗ್ಲೌಸ್ ಎತ್ತಿ, ಧೂಳು ಕೊಡವಿ, ನನ್ನ ಬ್ಯಾಗಿನ ಮೇಲಿಟ್ಟು, ಬಸ್ ಸ್ಟಾಪಿನ ಕಡೆ ನಡೆದುಕೊಂಡು ಹೋದರು. ನಮಗೆ ಜಪ್ಪಯ್ಯ ಎಂದರೂ ಡೇಟ್ ಕೊಡದಿದ್ದ ಆಫೀಸಿನವರು, ಈಗ ಎರಡೇ ನಿಮಿಷದಲ್ಲಿ ಹೊಸ ಡೇಟ್ ಕೊಟ್ಟರು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಆ ಹೊಸ ದಿನದ ಬೆಳಿಗ್ಗೆ ಐದೂಮುಕ್ಕಾಲಿಗೆ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡೆ. ನೂರಾ ಒಂದು. ಒರೆಸಿ ಮತ್ತೆ ಇಟ್ಟೆ. ನೂರಾ ಒಂದು. ಅಡುಗೆಮನೆಗೆ ಹೋಗಿ ಕಾಫಿ ಪುಡಿಯ ಡಬ್ಬಕ್ಕೆ ಮೂಗು ತೂರಿಸಿದೆ. ಗೋಡೆಗೆ ಮೂಗು ಒಡ್ಡಿದಂತಿತ್ತು.

ನಿಜ ಹೇಳುತ್ತೇನೆ, ಮನಸ್ಸಿನಲ್ಲಿ ಕಳ್ಳ ಎದ್ದು ಕೂತ. ಒಂದು ಮಾತ್ರೆ ನುಂಗಿದರೆ ಜ್ವರ ಇಳಿಯುತ್ತದೆ. ಗೇಟಿನ ಗನ್ನಿಗೆ ನಾನು ಹೇಗೂ ಹಾಲಿನ ಪ್ಯಾಕೆಟ್ಟು. ಮೂರು ಡಬ್ಬಿಯಲ್ಲಿ ಯಾವುದು ಎಂದು ಊಹಿಸಿ ಹೇಳಿದರಾಯಿತು. ತೊಂಬತ್ತು ನಿಮಿಷ ತಾನೆ. ಹೆಂಡತಿ ಬಾಗಿಲಲ್ಲಿ ನಿಂತು, "ನಿಮ್ಮಿಷ್ಟ ಕಣ್ರೀ, ಆದ್ರೆ ಆ ಯಜಮಾನ್ರ ವಯಸ್ಸು ಎಪ್ಪತ್ತರ ಹತ್ರ ಇದೆ," ಎಂದಳು. ಅಷ್ಟೇ. ಆರು ಗಂಟೆಗೆ ಫೋನ್ ಮಾಡಿದೆ. ಜಗಳವಾದ ಮೇಲೆ ಅವರೊಂದಿಗೆ ಆಡಿದ ಮೊದಲ ಮಾತು ಅದು.

"ನೂರಾ ಒಂದು ಸಾರ್. ಕಾಫಿ ಪುಡೀನೂ ಗೊತ್ತಾಗ್ತಾ ಇಲ್ಲ."

ಅವರ ದನಿ ಸಣ್ಣಗೆ ಬಂತು. "ಅವತ್ತು ನಾನು ಸೈನ್ ಹಾಕಿದ್ರೆ ನೀನಿವತ್ತು..." ಮಾತು ಮುಗಿಸಲಿಲ್ಲ. "ಮಲಕ್ಕೋ. ಬಿಸಿನೀರು ಕುಡಿ," ಎಂದು ಇಟ್ಟುಬಿಟ್ಟರು.

ಮುಂದಿನದನ್ನೆಲ್ಲ ನಾನು ಕಂಡದ್ದು ರೂಮಿನ ಬಾಗಿಲು ಹಾಕಿಕೊಂಡು, ಮಂಜುವಿನ ವಿಡಿಯೊ ಕಾಲ್‌ನಲ್ಲಿ. ಮ್ಯಾನೇಜರ್ರು ನೇರ ಆ ಎದುರು ಟೀಮಿನ ಅಣ್ಣನ ಹತ್ತಿರ ಹೋಗಿ, ನಮ್ಮ ಕೀಪರ್‌ಗೆ ಜ್ವರ, ಗುರುವಾರ ಎಲ್ಲರೂ ಅವನ ಜೊತೆ ಪ್ರಾಕ್ಟೀಸ್ ಮಾಡಿದಾರೆ, ನಿಮ್ಮ ಹುಡುಗರಿಗೆ ಅಂಟಬಹುದು, ನಾವು ಆಡುವುದು ಸರಿಯಲ್ಲ ಎಂದರು. ರೆಫ್ರಿ ಆಫೀಸಿಗೆ ಫೋನ್ ಮಾಡಿದ. ಉತ್ತರ ಗೊತ್ತಿದ್ದದ್ದೇ: ಏಳು ಜನ ಇದ್ದರೆ ಆಡಬೇಕು, ಆಡದಿದ್ದವರು ಸೋತಂತೆ.

"ಹಂಗಾದ್ರೆ ನಾವೇ ಆಡಲ್ಲ," ಎಂದ ಆ ಅಣ್ಣ. "ಸಾರ್, ಅವತ್ತು ನೀವು ನಮ್ಗೋಸ್ಕರ ಕಾದ್ರಿ. ವಾಕ್‌ಓವರ್ ನೀವು ತಗೊಳ್ಳಿ, ಮೇಲೆ ಹೋಗಿ." ಅವನ ಹುಡುಗರು ಆಗಲೇ ಬೂಟಿನ ಲೇಸು ಬಿಚ್ಚುತ್ತಿದ್ದರು.

ನಾನು ಹಾಸಿಗೆಯಲ್ಲಿ ಎದ್ದು ಕೂತೆ. ತಗೊಳ್ಳಿ ಸಾರ್, ದೇವರಾಣೆ ತಗೊಳ್ಳಿ ಎಂದು ಫೋನಿಗೆ ಕೂಗಿದೆ. ಮಂಜು ಮ್ಯೂಟ್ ಮಾಡಿದ್ದ.

"ಅದ್ಹೇಗಾಗತ್ತೆ? ಜ್ವರ ಬಂದಿರೋದು ನಮ್ ಕಡೆ. ನ್ಯಾಯವಾಗಿ ವಾಕ್‌ಓವರ್ ನಿಮ್ದು," ಎಂದರು ನಮ್ಮ ಮ್ಯಾನೇಜರ್ರು.

"ಅಯ್ಯೋ ಬೇಡ ಸಾರ್, ನಮ್ಗ್ಯಾಕೆ? ನೀವೇ ಇಟ್ಕೊಳ್ಳಿ."

"ಛೆ ಛೆ, ನೀವು ತಗೋಬೇಕು."

ಹೋಟೆಲಿನಲ್ಲಿ ಕೊನೆಯ ಬೋಂಡಾವನ್ನು ನೆಂಟರಿಬ್ಬರು ಅತ್ತಿಂದಿತ್ತ ತಳ್ಳುತ್ತಾರಲ್ಲ, ನನ್ನ ಬಿ ಡಿವಿಷನ್ನನ್ನು ಇಬ್ಬರೂ ಹಾಗೆ ತಳ್ಳುತ್ತಿದ್ದರು. ನನಗೆ ಜ್ವರ ಏರಿತೋ ಇಳಿಯಿತೋ ತಿಳಿಯದು. ರೆಫ್ರಿ ತಲೆಯ ಮೇಲೆ ಕೈ ಹೊತ್ತು ಸೆಂಟರ್ ಸರ್ಕಲ್ಲಿನಲ್ಲೇ ಕೂತುಬಿಟ್ಟ. ಆಮೇಲೆ ಮತ್ತೆ ಆಫೀಸಿಗೆ ಫೋನ್ ಹಚ್ಚಿ ಹೇಳಿದ್ದು ಇವತ್ತಿಗೂ ನಮ್ಮ ಕ್ಲಬ್ಬಿನಲ್ಲಿ ಎಲ್ಲರ ಬಾಯಲ್ಲಿದೆ: "ಸಾರ್, ಇಲ್ಲಿ ಇಬ್ರೂ ಗೆಲ್ಲೋಕೆ ಒಪ್ತಾ ಇಲ್ಲ. ಏನ್ಮಾಡ್ಲಿ?"

ಇದಕ್ಕೆ ಯಾವ ರೂಲೂ ಇರಲಿಲ್ಲವಾದ್ದರಿಂದ ಮೂರನೇ ಡೇಟ್ ಕೊಟ್ಟರು.

ನಾನು ಮಲಗಿದ್ದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ನಮ್ಮ ಗೇಟಿಗೆ ಒಂದು ಕ್ಯಾರಿಯರ್ ಬಂದು ಕೂರುತ್ತಿತ್ತು. ಮೆಣಸಿನ ಸಾರು, ಅನ್ನ, ಅವರೆಕಾಳಿನ ಉಪ್ಪಿಟ್ಟು. ಮ್ಯಾನೇಜರ್ರು ಇಟ್ಟು, ಬೆಲ್ ಒತ್ತಿ, ಎದುರು ಫುಟ್‌ಪಾತಿನಲ್ಲಿ ನಿಂತು ನಾನು ಕಿಟಕಿಗೆ ಬಂದು ಕೈ ಬೀಸುವ ತನಕ ಕಾಯುತ್ತಿದ್ದರು. ರುಚಿ ಗೊತ್ತಾಗದಿದ್ದರೂ ಚೆನ್ನಾಗಿದೆ ಎಂದು ಸನ್ನೆ ಮಾಡುತ್ತಿದ್ದೆ. ಅವರ ಹೆಂಡತಿಗೆ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದಾಗ ಆಯಮ್ಮ ಒಂದು ವಿಷಯ ಹೇಳಿದರು.

"ನೀನು ಬೈದೆ ಅಂತ ಅವ್ರಿಗೆ ಬೇಜಾರಿಲ್ಲ ಕಣಪ್ಪ. ಡಿಪೋದಲ್ಲಿದ್ದಾಗ ಒಬ್ಬ ಡ್ರೈವರ್ರು ಒಂದು ಗಂಟೆ ಲೇಟಾಗಿ ಬಂದ ಅಂತ ಕೆಂಪು ಪೆನ್ನಲ್ಲಿ ಬರ್ದುಬಿಟ್ರು. ಸಾಯಂಕಾಲ ಗೊತ್ತಾಯ್ತು, ದಾರೀಲಿ ಯಾರಿಗೋ ಹೆರಿಗೆ ನೋವು ಬಂದು ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದ್ನಂತೆ. ರಿಜಿಸ್ಟರ್ ಆಗ್ಲೇ ಮೇಲಕ್ಕೆ ಹೋಗಿತ್ತು. ಆ ಡ್ರೈವರ್ರು ಏನೂ ಅನ್ಲಿಲ್ಲ, ಮಾರನೇ ದಿನ ನಮಸ್ಕಾರ ಸಾರ್ ಅಂದ. ಅವತ್ತು ಇವ್ರು ಊಟ ಮಾಡ್ಲಿಲ್ಲ ನೋಡು. ಆ ವಾಕ್‌ಓವರ್ ಕಾಗ್ದಕ್ಕೂ ಅದಕ್ಕೇ ಸೈನ್ ಹಾಕಿಲ್ಲ."

ಫೋನಿಟ್ಟೆ. ಅಳು ಬಂತು. ಜ್ವರದಲ್ಲಿ ಅಳು ಬೇಗ ಬರುತ್ತದೆ ಎನ್ನುತ್ತಾರೆ, ಅದಿರಬಹುದು.

ಮೂರನೇ ಡೇಟಿಗೆ ಎಲ್ಲರೂ ನೆಟ್ಟಗಿದ್ದರು, ಎಲ್ಲರಿಗೂ ಇಂಗು ಇಂಗಾಗಿಯೇ ಕಂಡಿತು. ಮ್ಯಾನೇಜರ್ರುಗಳಿಬ್ಬರ ಉಪಚಾರ ನೋಡಿ ನಾನು, ಆಟವೂ ಹಾಗೇ ಇದ್ದೀತು ಎಂದುಕೊಂಡಿದ್ದೆ. ಎಲ್ಲಿಂದ ಬಂತು! ಶಿಳ್ಳೆ ಊದಿದ್ದೇ ತಡ, ಆ ಹುಡುಗರು ಹುಲಿಗಳಂತೆ ಮೇಲೆ ಬಿದ್ದರು. ಮಂಜು ಒಂದು ಗೋಲ್ ಹೊಡೆದ. ಅವರು ಒಂದು ಹೊಡೆದರು. ಕೊನೆಯ ಹತ್ತು ನಿಮಿಷದಲ್ಲಿ ದೂರದಿಂದ ಒಂದು ಸಾಧಾರಣ ಬಾಲ್ ಬಂತು. ನನ್ನ ಬಾಳಿನಲ್ಲಿ ಅಂಥ ಸಾವಿರ ಬಾಲ್ ಹಿಡಿದಿದ್ದೇನೆ. ಹಾರಬೇಕು ಎಂದು ತಲೆ ಹೇಳಿತು, ಜ್ವರದಿಂದ ಎದ್ದ ಕಾಲು ಕೇಳಲಿಲ್ಲ. ಬೆರಳಿಗೆ ಸವರಿಕೊಂಡು ಒಳಗೆ ಹೋಯಿತು. ಎರಡು-ಒಂದು. ಮುಗಿಯಿತು.

ಆಟ ಮುಗಿದ ಮೇಲೆ ಗೋಲ್ ಕಂಬಕ್ಕೆ ಒರಗಿ ಕೂತೆ. ಮ್ಯಾನೇಜರ್ರು ಬಂದು ಪಕ್ಕದಲ್ಲಿ, ಇಸ್ತ್ರಿ ಪ್ಯಾಂಟಿನಲ್ಲೇ, ಮಣ್ಣಿನ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಎದುರು ಟೀಮಿನ ಅಣ್ಣ ಹನ್ನೆರಡು ಹದಿಮೂರು ಲೋಟ ಕಾಫಿಯನ್ನು ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲಿಟ್ಟುಕೊಂಡು, ಚೆಲ್ಲದಂತೆ ಹೆಜ್ಜೆ ಇಡುತ್ತ ಬಂದ. ನನಗೆ ವಾಸನೆ ಪೂರ್ತಿ ಬಂದಿತ್ತು. ಸೋತ ದಿನದ ಕಾಫಿ ಅಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಷ್ಟೂ ಜನ ಸೇರಿ ರೆಫ್ರಿಯ ಅಣಕ ಮಾಡಿ ನಕ್ಕೆವು, ರೆಫ್ರಿಯೂ ನಕ್ಕ.

ಆಮೇಲೆ ಎರಡನೇ ಅಲೆ ಬಂತು, ಯಾರು ಮೇಲಕ್ಕೆ ಹೋದರೆಂದು ಲೀಗಿನವರು ಹೇಳುವ ಮೊದಲೇ ಎಲ್ಲ ಮತ್ತೆ ಮುಚ್ಚಿತು. ಗ್ಲೌಸ್ ಅಟ್ಟಕ್ಕೆ ಹಾಕಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿ ತೆರೆದು ಕೂತಿದ್ದಾಗ, ಒಂದು ಮಧ್ಯಾಹ್ನ ಮ್ಯಾನೇಜರ್ರು ಬಾಗಿಲಲ್ಲಿ ನಿಂತರು. ಕೈಯಲ್ಲಿ ಲೀಗಿನ ಪತ್ರ. ಮುಖದಲ್ಲಿ ತಪ್ಪು ಮಾಡಿದವರ ಕಳೆ.

"ಬಿ ಡಿವಿಷನ್ನಲ್ಲಿ ನಾಲ್ಕೈದು ಟೀಮು ನಡೆಸೋಕಾಗ್ದೆ ಬಿಟ್ಟೋಗಿದಾರಂತೆ. ಜಾಗ ತುಂಬ್ಸೋಕೆ ನಮ್ಮನ್ನ ಮೇಲಕ್ಕೆ ಹಾಕಿದಾರೆ ಕಣೋ." ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದರು. "ನಾವು ಸೋತಿದೀವಲ್ಲಪ್ಪ. ಇದು ಸರೀನಾ?"

ಈ ಮನುಷ್ಯ ಇದನ್ನೂ ವಾಪಸ್ ಕೊಡುತ್ತಾರೆ ಎನ್ನಿಸಿ, ಗಿರಾಕಿಯನ್ನು ಬಿಟ್ಟು ಕೌಂಟರ್ ದಾಟಿ ಬಂದು ಪತ್ರ ಕಿತ್ತುಕೊಂಡೆ. "ಸಾರ್, ಅವ್ರು ಇಷ್ಟ್ ದಿನ ತಪ್ಪು ಮೇಲೆ ತಪ್ಪು ಮಾಡ್ಕೊಂಡು ಬಂದಿದಾರೆ. ಒಂದ್ ಸಲ ಕೈತಪ್ಪಿ ನಮ್ಗೆ ಒಳ್ಳೇದು ಮಾಡಿದಾರೆ. ಬಿಟ್ಬಿಡಿ ಸಾರ್."

"ನಮ್ಮನ್ನ ಸೋಲ್ಸಿದೋರು ಸಿ ಡಿವಿಷನ್ನಲ್ಲೇ ಇದ್ರೆ?" ಎಂದು ಆಗಲೇ ಆ ಅಣ್ಣನಿಗೆ ಫೋನ್ ಹಚ್ಚಿದ್ದರು. ರಿಂಗ್ ಆಗುತ್ತಲೇ ಇತ್ತು. ಅಕ್ಷರ ಓದಲು ಕೂತಿದ್ದ ಗಿರಾಕಿಯೂ ಒಂದು ಕಣ್ಣು ಮುಚ್ಚಿಕೊಂಡೇ ನಮ್ಮ ಕಡೆ ತಿರುಗಿದ. ಕೊನೆಗೂ ಆ ಕಡೆಯಿಂದ ಅಣ್ಣನ ದನಿ ಅಂಗಡಿಗೆಲ್ಲ ಕೇಳುವಂತೆ ಬಂತು: "ಸಾರ್! ನಮ್ಗೂ ಬಂದಿದೆ ಸಾರ್ ಲೆಟರ್ರು!"

"ಹಾಗಾದ್ರೆ ಸರಿ," ಎಂದು ಮ್ಯಾನೇಜರ್ರು ಸ್ಟೂಲಿನ ಮೇಲೆ ಕುಸಿದರು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ನಾನು ಅವರನ್ನು ತಬ್ಬಿಕೊಂಡೆ. ದೂರ ದೂರ ಎಂದು ತಳ್ಳಲಿಲ್ಲ.

ಸ್ವಲ್ಪ ಸಾವರಿಸಿಕೊಂಡು ಹೇಳಿದರು: "ಅವತ್ತು ನೀನು ಕೇಳಿದ್ದು ಸರಿ ಇತ್ತು ಕಣೋ. ಹದಿನಾಲ್ಕು ಜನ ನಿಂತಿದ್ರಿ. ನಾನು ಒಂದ್ ಮಾತು ಕೇಳ್ಬೇಕಿತ್ತು."

"ಬಿಡಿ ಸಾರ್. ಕೇಳಿದ್ರೆ ನಾವೆಲ್ಲ ಸೈನ್ ಹಾಕಿ ಅಂತಿದ್ವಿ."

"ಗೊತ್ತು," ಎಂದರು. "ಅದಕ್ಕೇ ಕೇಳ್ಲಿಲ್ಲ."